ಬಟ್ಟೆಯ ಕೂಸು ಎಷ್ಟು ತೂಗಬೇಕು?

ಕಳೆದ ಸಂಚಿಕೆಯಲ್ಲಿ ಮಕ್ಕಳ ವಾರ್ಡಿನ ನರ್ಸಿಂಗ್ ತರಬೇತಿಯ ಬಗ್ಗೆ ಬರೆಯುವಾಗ, ಸಣ್ಣ ಊರುಗಳ ನರ್ಸಿಂಗ್ ಶಾಲೆಗಳು ದುಬಾರಿ ತರಬೇತಿ ಗೊಂಬೆಗಳಾದ ಮ್ಯಾನಿಕಿನ್‌ಗಳಿಗಾಗಿ ಕಾದು ಕೂರುವ ಬದಲು ಕೆಲವು ಮಾದರಿಗಳನ್ನು ತಾವೇ ಮಾಡಿಕೊಳ್ಳಬಹುದು ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಬಾರಿಯ ಅಂಕಣವನ್ನು ತುಂಬಿವೆ.

ಪ್ರಶ್ನೆ: ನಾನು ಟೈಲರ್. ನಮ್ಮೂರಿನ ನರ್ಸಿಂಗ್ ಶಾಲೆಯವರು ಅಭ್ಯಾಸಕ್ಕೆಂದು ಹನ್ನೆರಡು ಬಟ್ಟೆಯ ಕೂಸುಗಳನ್ನು ಹೊಲಿದುಕೊಡಲು ಹೇಳಿದ್ದಾರೆ. ಅಂಗಡಿಯ ಗೊಂಬೆ ನೋಡಿಕೊಂಡು ಹೊಲಿದರೆ ಸಾಕೇ, ಇಲ್ಲ ಇದಕ್ಕೆ ಬೇರೆ ಅಳತೆ ಇದೆಯೇ?
(ಓದುಗರೊಬ್ಬರು, ರಾಣೆಬೆನ್ನೂರು)

ಅಂಗಡಿಯ ಗೊಂಬೆಯ ಅಳತೆ ಖಂಡಿತ ಬೇಡ. ಆಟಿಕೆಯ ಗೊಂಬೆಗೆ ಕತ್ತು ಗಟ್ಟಿ, ತಲೆ ಹಗುರ, ಮೈ ಇನ್ನೂ ಹಗುರ. ಆಗಷ್ಟೇ ಹುಟ್ಟಿದ ಕೂಸಿನಲ್ಲಿ ಈ ಮೂರೂ ತಿರುಗುಮುರುಗು. ದಿನ ತುಂಬಿ ಹುಟ್ಟಿದ ಮಗುವಿನ ಉದ್ದ ಸುಮಾರು 50 ಸೆಂ.ಮೀ., ಅದರಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ತಲೆಯ ಸುತ್ತಳತೆಯನ್ನು 34 ಸೆಂ.ಮೀ. ಇಟ್ಟುಕೊಂಡರೆ ಎದೆಯ ಸುತ್ತಳತೆ 32 ಇರಲಿ, ಏಕೆಂದರೆ ಹುಟ್ಟಿದಾಗ ತಲೆ ಎದೆಗಿಂತ ದೊಡ್ಡದು. ಒಟ್ಟು ತೂಕ ಮೂರು ಕೆ.ಜಿ.ಯ ಆಸುಪಾಸಿಗೆ ಬರಬೇಕು.

ತೂಕಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ನಾನು ಮೊದಲು ಮಾಡಿದ ಕೂಸಿಗೆ ಹತ್ತಿ ಮತ್ತು ಹಳೆಯ ಸೀರೆಯ ಚಿಂದಿ ತುಂಬಿದ್ದೆ; ತಕ್ಕಡಿಗೆ ಹಾಕಿದರೆ ಅರ್ಧ ಕೆ.ಜಿ.ಯೂ ತೂಗುತ್ತಿರಲಿಲ್ಲ. ಒಂದಿಡೀ ತರಗತಿಯ ವಿದ್ಯಾರ್ಥಿನಿಯರು ಅದನ್ನು ಒಂದೇ ಕೈಯಲ್ಲಿ, ತಲೆಗೆ ಆಸರೆ ಕೊಡದೆ ಎತ್ತಿ ಇಳಿಸಿ ಅಭ್ಯಾಸ ಮಾಡಿಕೊಂಡರು. ವಾರ್ಡಿಗೆ ಹೋದ ಮೊದಲ ದಿನ ಅವರಲ್ಲೊಬ್ಬಳು ನಿಜವಾದ ಕೂಸನ್ನೂ ಹಾಗೆಯೇ ಎತ್ತಲು ಹೋದಳು. ಪಕ್ಕದಲ್ಲಿದ್ದ ಸಿಸ್ಟರ್ ತಟ್ಟನೆ ಕೈಯೊಡ್ಡಿ ತಲೆ ಹಿಡಿದುಕೊಂಡಿದ್ದರಿಂದ ಅನಾಹುತವಾಗಲಿಲ್ಲ. ತಪ್ಪು ಆ ಹುಡುಗಿಯದಲ್ಲ, ನನ್ನ ಗೊಂಬೆಯದು. ತಪ್ಪಾಗಿ ಹಿಡಿದರೂ ಅದು ಏನೂ ಹೇಳದೆ ಸುಮ್ಮನಿತ್ತು. ಅಂದಿನಿಂದ ಯಾವ ಮಾದರಿ ಮಾಡುವಾಗಲೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಕಲಿಯುವವಳು ತಪ್ಪಿದಾಗ ಇದು ಹೇಗೆ ಗೊತ್ತುಮಾಡುತ್ತದೆ?

ಆದ್ದರಿಂದ ಕತ್ತಿನೊಳಗೆ ಏನನ್ನೂ ತುಂಬಬೇಡಿ. ಬಟ್ಟೆಯನ್ನು ಎರಡು ಪದರ ಮಾಡಿ ಸಡಿಲವಾಗಿ ಹೊಲಿಯಿರಿ. ತಲೆಯೊಳಗೆ ಸುಮಾರು 700 ಗ್ರಾಂ ಮರಳಿನ ಚೀಲವಿರಲಿ. ಆಗ ಆಸರೆ ತಪ್ಪಿದ ಕೂಡಲೇ ತಲೆ ಹಿಂದಕ್ಕೆ ವಾಲುತ್ತದೆ. ಉಳಿದ ತೂಕದಲ್ಲಿ ಹೆಚ್ಚಿನದು ಹೊಟ್ಟೆ ಮತ್ತು ಬೆನ್ನಿಗೆ ಹೋಗಲಿ, ಕೈಕಾಲಿಗೆ ಸ್ವಲ್ಪ ಸಾಕು. ಮರಳನ್ನು ತೊಳೆದು, ಚೆನ್ನಾಗಿ ಒಣಗಿಸಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿ ಹೊಲಿಯಬೇಕು. ರಾಗಿ, ಅಕ್ಕಿ ತುಂಬಲು ಹೋಗಬೇಡಿ, ನಾಲ್ಕು ತಿಂಗಳಿಗೆ ಹುಳ ಬೀಳುತ್ತದೆ. ಉಪ್ಪು ಮಳೆಗಾಲದಲ್ಲಿ ನೀರಾಡುತ್ತದೆ. ಹೊರಗಿನ ಬಟ್ಟೆಗೆ ಬನಿಯನ್ನಿನಂಥ ಹೊಸೈರಿ ಬಟ್ಟೆ ಒಳ್ಳೆಯದು. ನೆತ್ತಿಯ ಜಾಗದಲ್ಲಿ, ಬಟ್ಟೆಯ ಕೆಳಗೆ, ಹಳೆಯ ಪ್ಲಾಸ್ಟಿಕ್ ಡಬ್ಬದ ಬಾಗಿದ ತುಂಡೊಂದನ್ನಿಟ್ಟು ಅದರಲ್ಲಿ ಎರಡೂವರೆ ಸೆಂ.ಮೀ. ಅಗಲದ ಶಂಕರಪೋಳಿ ಆಕಾರದ ರಂಧ್ರ ಕತ್ತರಿಸಿದರೆ, ಬೆರಳಿಗೆ ನೆತ್ತಿಯ ಮೆತ್ತನೆಯ ಭಾಗ ಸಿಕ್ಕಂತೆಯೇ ಸಿಗುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಗೊಂಬೆಯೆಂದರೆ ಗುಲಾಬಿ ಬಣ್ಣ ಎಂಬ ಅಭ್ಯಾಸ ಬಿಡಿ, ನಮ್ಮ ಮಕ್ಕಳ ಮೈಬಣ್ಣದ ಬಟ್ಟೆಯನ್ನೇ ಆರಿಸಿ. ಕಾಮಾಲೆಯನ್ನಾಗಲಿ, ಮೈ ನೀಲಿಗಟ್ಟುವುದನ್ನಾಗಲಿ ಕಂದು ಚರ್ಮದ ಮೇಲೆ ಗುರುತಿಸುವುದು ಕಷ್ಟ. ಅಂಗಾಲು, ಒಸಡು, ನಾಲಿಗೆ ನೋಡುವ ರೂಢಿ ಆಗಬೇಕಾದದ್ದೇ ಅಲ್ಲಿ. ಒಂದು ಕೂಸಿಗೆ ನೀಲಿ ಕಾಲುಚೀಲ, ಕೈಗವಸು ಹೊಲಿದುಕೊಡಿ. ಹುಟ್ಟಿದ ಮೊದಲ ಗಂಟೆಗಳಲ್ಲಿ ಅಂಗೈ ಅಂಗಾಲು ಮಾತ್ರ ನೀಲಿಯಾಗಿದ್ದರೆ ಸಾಮಾನ್ಯವಾಗಿ ಗಾಬರಿಪಡಬೇಕಾಗಿಲ್ಲ. ಇನ್ನೊಂದಕ್ಕೆ ನೀಲಿ ನಾಲಿಗೆ ಇಡಿ. ಅದು ಬೇರೆಯೇ ಮಾತು, ಅಪಾಯದ ಗುರುತು. ಕಾಮಾಲೆಗೆ ಹಳದಿ ಅಂಗಿಯನ್ನು ಅರಿಸಿನದಲ್ಲಿ ಅದ್ದಿ ಮಾಡಬೇಡಿ. ನಾನು ಹಾಗೆ ಮಾಡಿದ್ದೆ; ಆಯಾ ಅದನ್ನು ಸೋಪು ಹಾಕಿ ಒಗೆದರು, ಕಾಮಾಲೆಯ ಕೂಸು ಕೆಂಪಗಾಗಿ ಮರಳಿ ಬಂತು.

ಪ್ರಶ್ನೆ: ಮಕ್ಕಳ ಕೈಗೆ ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ಪ್ಲಾಸ್ಟಿಕ್ ನಳಿಕೆ) ಹಾಕುವುದನ್ನು ಕಲಿಸಲು, ಸಲೈನ್ ಏರಿಸುವ ಐವಿ ಸೆಟ್ಟಿನ ಟ್ಯೂಬನ್ನು ಸ್ಪಂಜಿನಲ್ಲಿ ಹುದುಗಿಸಿ ಕೈ ಮಾಡಿದೆವು. ರಕ್ತ ಹಿಂದಕ್ಕೆ ಬಂದಂತೆ ಕಾಣುವುದೇ ಇಲ್ಲ, ನಾಲ್ಕು ಸಲ ಚುಚ್ಚುವಷ್ಟರಲ್ಲಿ ಸೋರಲು ಶುರುವಾಗುತ್ತದೆ.
(ನರ್ಸಿಂಗ್ ಬೋಧಕರು, ಗದಗ)

ಐವಿ ಸೆಟ್ಟಿನ ಟ್ಯೂಬು ಮಗುವಿನ ರಕ್ತನಾಳಕ್ಕೆ ಹೋಲಿಸಿದರೆ ಬಿರುಸು, ಚುಚ್ಚಿದ ತೂತು ಮುಚ್ಚಿಕೊಳ್ಳುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಸಿಗುವ ತೆಳ್ಳನೆಯ ರಬ್ಬರಿನ ವಾಲ್ವ್ ಟ್ಯೂಬನ್ನು ಬಳಸಿ ನೋಡಿ. ಅದು ಅಗ್ಗ, ಮೆತ್ತಗೆ, ಹಳದಿ ಬಣ್ಣದ 24 ಗೇಜ್ ಕ್ಯಾನುಲಾ ಅದರೊಳಗೆ ಸಲೀಸಾಗಿ ಸಾಗುತ್ತದೆ, ಒಂದಷ್ಟು ಚುಚ್ಚುವಿಕೆಯವರೆಗೆ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಟ್ಯೂಬಿನ ಒಂದು ತುದಿಯನ್ನು ಕಟ್ಟಿ, ಇನ್ನೊಂದು ತುದಿಯನ್ನು ಬಣ್ಣದ ನೀರಿನ ಬಾಟಲಿಗೆ ಜೋಡಿಸಿ, ಬಾಟಲಿಯನ್ನು ಮೇಜಿನ ಮಟ್ಟದಿಂದ ಒಂದು ಅಡಿ ಮೇಲಕ್ಕೆ ತೂಗುಹಾಕಿ. ನಿಮ್ಮ ಮಾದರಿಯಲ್ಲಿ ರಕ್ತ ಕಾಣದಿದ್ದುದಕ್ಕೆ ಬಹುಶಃ ಇದೇ ಕಾರಣ: ನಾಳದೊಳಗೆ ಒತ್ತಡವೇ ಇರಲಿಲ್ಲ. ಬಾಟಲಿಯನ್ನು ಕೆಳಗಿಳಿಸುತ್ತ ಹೋದರೆ, ನೀರಿನಂಶ ಕಳೆದುಕೊಂಡು ಬಂದ ಮಗುವಿನಲ್ಲಿ ಆಗುವ ಹಾಗೆ ರಕ್ತ ನಿಧಾನವಾಗಿ, ಅನುಮಾನಿಸುತ್ತ ಬರುತ್ತದೆ. ಮೊದಲ ವಾರ ಬಾಟಲಿ ಮೇಲಿರಲಿ, ಆಮೇಲೆ ವಿದ್ಯಾರ್ಥಿಗಳಿಗೆ ಹೇಳದೆಯೇ ಇಳಿಸಿ.

ನೀರಿಗೆ ತಿನಿಸಿಗೆ ಬಳಸುವ ಕೆಂಪು ಬಣ್ಣವೇ ಸರಿ. ಕುಂಕುಮ ಕರಗದೆ ಕ್ಯಾನುಲಾದಲ್ಲಿ ಕಟ್ಟಿಕೊಳ್ಳುತ್ತದೆ. ಬೀಟ್‌ರೂಟ್ ರಸ ಎರಡನೆಯ ದಿನಕ್ಕೇ ನಾರುತ್ತದೆ. ಟ್ಯೂಬನ್ನು ಸ್ಪಂಜಿನ ಆಳಕ್ಕೆ ಹುದುಗಿಸದೆ, ಸ್ಪಂಜಿನಲ್ಲಿ ಸಣ್ಣ ಕಾಲುವೆ ಕೊರೆದು ಅದರಲ್ಲಿ ಮಲಗಿಸಿ, ಮೇಲೆ ಹೊಸೈರಿ ಬಟ್ಟೆಯನ್ನು ಎಳೆದು ಕಟ್ಟಿ. ಟ್ಯೂಬನ್ನು ಎರಡು ಕಡೆ ಮಾತ್ರ ಹೊಲಿದು ನಡುವೆ ಬಿಡಿ. ಆಗ ಅದು ಸೂಜಿಯ ತುದಿಯಿಂದ ಪಕ್ಕಕ್ಕೆ ಜಾರುತ್ತದೆ, ಚರ್ಮವನ್ನು ಎಡಗೈಯಿಂದ ಬಿಗಿಹಿಡಿಯದವರಿಗೆ ಸಿಗುವುದೇ ಇಲ್ಲ.

ಪ್ರಶ್ನೆ: ಬಿಸಿಜಿ (ಕ್ಷಯರೋಗದ ಲಸಿಕೆ) ಚುಚ್ಚುವುದನ್ನು ಕೋಳಿಯ ಚರ್ಮದ ಮೇಲೆ ಕಲಿಸುತ್ತಾರೆಂದು ಕೇಳಿದ್ದೇನೆ. ನಾನು ಶಾಕಾಹಾರಿ, ಅದನ್ನು ಮುಟ್ಟಲು ಆಗದು. ಬೇರೆ ದಾರಿ ಇದೆಯೇ? ಹಾಗೆಯೇ, ಇಂಜೆಕ್ಷನ್ ಕಲಿಯಲು ಕಿತ್ತಳೆ ಹಣ್ಣು ಸಾಲದೇ?
(ನರ್ಸಿಂಗ್ ಡಿಪ್ಲೊಮಾ ವಿದ್ಯಾರ್ಥಿನಿ, ಶಿರಸಿ)

ಕೋಳಿಯ ಚರ್ಮವನ್ನು ಬಳಸುವುದಕ್ಕೆ ಕಾರಣವಿಷ್ಟೇ. ಬಿಸಿಜಿ ಚರ್ಮದ ಪದರದೊಳಗೇ ಸೇರಬೇಕು. ಸೂಜಿ ಚರ್ಮದ ಪದರದೊಳಗೇ ಇದ್ದರೆ ಗುಳ್ಳೆ ಏಳುತ್ತದೆ, ಒಂದಿಷ್ಟು ಆಳಕ್ಕೆ ಹೋದರೂ ಏಳುವುದಿಲ್ಲ. ಇದನ್ನು ಅಷ್ಟು ಚೊಕ್ಕವಾಗಿ ತೋರಿಸುವ, ಖರ್ಚಿಲ್ಲದ ವಸ್ತು ಇನ್ನೊಂದು ನನಗೆ ಸಿಕ್ಕಿಲ್ಲ. ನಮ್ಮ ಕಡೆ ಕೋಳಿ ಅಂಗಡಿಗಳಲ್ಲಿ ಹೆಚ್ಚಿನ ಗಿರಾಕಿಗಳು ಚರ್ಮ ಬೇಡವೆನ್ನುವುದರಿಂದ ಅದು ಪುಕ್ಕಟೆಯಾಗಿಯೇ ಸಿಗುತ್ತದೆ. ನಿಮಗೆ ಆಗದಿದ್ದರೆ ಸಂಕೋಚ ಬೇಡ, ಬೋಧಕರಿಗೆ ಹೇಳಿ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಸೂಜಿಯನ್ನು 10–15 ಡಿಗ್ರಿ ಕೋನದಲ್ಲಿ, ತುದಿಯ ಓರೆ ಮೇಲ್ಮುಖವಾಗಿರುವಂತೆ ಹಿಡಿದು ಸಾಗಿಸುವ ಕೈಚಳಕವನ್ನು ಕಲಿಯಬಹುದು. ಗುಳ್ಳೆ ಮಾತ್ರ ನನ್ನ ಅನುಭವದಲ್ಲಿ ಸರಿಯಾಗಿ ಏಳುವುದಿಲ್ಲ. ಆ ಭಾಗವನ್ನು ಸಹಪಾಠಿಯೊಬ್ಬಳು ಕೋಳಿಯ ಚರ್ಮದ ಮೇಲೆ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಒಂದು ತಿಂಗಳೊಳಗಿನ ಕೂಸಿಗೆ ಕೊಡುವ ಬಿಸಿಜಿ ಪ್ರಮಾಣ 0.05 ಮಿ.ಲೀ. ಮಾತ್ರ ಎಂಬುದನ್ನು ನೆನಪಿಡಿ. ಸಿರಿಂಜಿನಲ್ಲಿ ಅಷ್ಟನ್ನು ನಿಖರವಾಗಿ ಎಳೆದುಕೊಳ್ಳುವುದೇ ಅರ್ಧ ವಿದ್ಯೆ. ಚರ್ಮ ಮುಟ್ಟುವವರು ಗ್ಲೌಸ್ ಹಾಕಿಕೊಳ್ಳಬೇಕು, ಅದನ್ನು ಅಂದೇ ವಿಲೇವಾರಿ ಮಾಡಬೇಕು, ಫ್ರಿಜ್ಜಿನಲ್ಲಿ ಲಸಿಕೆಯ ಪಕ್ಕ ಇಡುವ ಮಾತೇ ಬೇಡ.

ಕಿತ್ತಳೆ ಹಣ್ಣು ಸಿಪ್ಪೆ ಭೇದಿಸುವ ಹದವನ್ನು ಕಲಿಸುತ್ತದೆ, ಹೆದರಿಕೆ ಬಿಡಿಸುತ್ತದೆ. ಆದರೆ ಎಲ್ಲಿ ಚುಚ್ಚಿದರೂ ಕಿತ್ತಳೆಗೆ ಸರಿಯೇ, ಅದೇ ಅದರ ದೋಷ. ಕೂಸಿಗೆ ಸ್ನಾಯುವಿನೊಳಗೆ ಕೊಡುವ ಲಸಿಕೆಯ ಜಾಗ ತೊಡೆಯ ಮುಂಭಾಗದ ಹೊರಮೈ, ಅದೂ ನಡುವಿನ ಮೂರನೇ ಒಂದು ಭಾಗದಲ್ಲಿ. ಇದಕ್ಕೆ ನಾವು ಒಂದು ತೊಡೆ ಮಾಡಿದ್ದೇವೆ. ಮೂಳೆಗೆ ಒಂದು ಮರದ ಕೋಲು. ಅದನ್ನು ನಟ್ಟನಡುವೆ ಇಡದೆ, ಸರಿಯಾದ ಜಾಗದಲ್ಲಿ ಮೂರು ಸೆಂ.ಮೀ. ದಪ್ಪ ಸ್ಪಂಜು, ಉಳಿದೆಡೆ ಒಂದೇ ಸೆಂ.ಮೀ. ಬರುವಂತೆ ಓರೆಗೆ ಇಟ್ಟೆವು. ಕೋಲಿಗೊಂದು ಸುತ್ತು, ಸ್ಪಂಜಿನ ಹೊರಗೊಂದು ಸುತ್ತು, ಹೀಗೆ ಎರಡು ಕಡೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಎರಡರಿಂದಲೂ ಒಂದೊಂದು ತಂತಿಯನ್ನು ಬ್ಯಾಟರಿ ಮತ್ತು ಬಜರ್‌ಗೆ ಎಳೆದೆವು. 25 ಮಿ.ಮೀ. ಉದ್ದದ ಸೂಜಿ ಸರಿಯಾದ ಜಾಗದಲ್ಲಿ ನೇರವಾಗಿ ಇಳಿದರೆ ಸದ್ದಿಲ್ಲ; ತಪ್ಪು ಜಾಗದಲ್ಲಿ ಇಳಿದರೆ ಲೋಹದ ಸೂಜಿ ಎರಡೂ ಹಾಳೆಗಳನ್ನು ಕೂಡಿಸಿ ಬಜರ್ ಕಿರುಚುತ್ತದೆ. ತೂತುಬಿದ್ದ ಹಾಳೆಯನ್ನು ಪ್ರತಿ ತರಗತಿಗೂ ಬದಲಿಸಬೇಕಾಗುತ್ತದೆ, ಅಷ್ಟೇ ತೊಂದರೆ.

ಪ್ರಶ್ನೆ: ನ್ಯುಮೋನಿಯಾ ಇರುವ ಮಗುವಿನ ಉಸಿರೆಣಿಕೆ ಮತ್ತು ಪಕ್ಕೆ ಸೆಳೆತವನ್ನು ವಿಡಿಯೋದಲ್ಲಿ ತೋರಿಸುತ್ತೇವೆ. ಆದರೂ ವಾರ್ಡಿನಲ್ಲಿ ವಿದ್ಯಾರ್ಥಿಗಳು ತಪ್ಪು ಎಣಿಸುತ್ತಾರೆ. ಉಸಿರಾಡುವ ಗೊಂಬೆಯನ್ನು ಮಾಡಲು ಸಾಧ್ಯವೇ?
(ಬೋಧಕರು, ಯಾದಗಿರಿ)

ಸಾಧ್ಯ, ಮನೆಯಲ್ಲಿ ಮಾಡಬಹುದಾದ ಮಾದರಿಗಳಲ್ಲಿ ನನಗೆ ಅತ್ಯಂತ ಮೆಚ್ಚಿನದು ಇದೇ. ಕೆಟ್ಟುಹೋದ ಬಿಪಿ ಯಂತ್ರದ ಪಟ್ಟಿಯೊಳಗಿನ ರಬ್ಬರ್ ಚೀಲವನ್ನು ತೆಗೆದು ಬಟ್ಟೆಯ ಕೂಸಿನ ಎದೆ ಮತ್ತು ಹೊಟ್ಟೆಯ ಒಳಗೆ ಇಡಿ. ಅದರ ಟ್ಯೂಬನ್ನು ಉದ್ದಮಾಡಿ, ಕೊನೆಗೆ 50 ಮಿ.ಲೀ. ಸಿರಿಂಜ್ ಜೋಡಿಸಿ. ಬೋಧಕರು ಪರದೆಯ ಹಿಂದೆ ಕುಳಿತು ಇಪ್ಪತ್ತು ಮಿ.ಲೀ.ಯಷ್ಟು ಗಾಳಿಯನ್ನು ದೂಡುತ್ತ ಎಳೆಯುತ್ತ ಇದ್ದರೆ ಕೂಸು ಉಸಿರಾಡುತ್ತದೆ. ಪಕ್ಕೆ ಸೆಳೆತಕ್ಕೆ ಎದೆಯ ಕೆಳ ಅಂಚಿನ ಬಟ್ಟೆಗೆ ಒಳಗಿನಿಂದ ದಾರ ಹೊಲಿದು, ಬೆನ್ನಿನ ತೂತಿನಿಂದ ಹೊರತೆಗೆದು, ಮೇಜಿನ ಸಂದಿಯಿಂದ ಕೆಳಕ್ಕೆ ಬಿಡಿ. ಗಾಳಿ ಒಳಹೋಗುವ ಹೊತ್ತಿಗೇ ದಾರವನ್ನು ಎಳೆಯಬೇಕು: ಹೊಟ್ಟೆ ಉಬ್ಬುವಾಗ ಪಕ್ಕೆ ಒಳಸರಿಯಬೇಕು. ಹೊರಬಿಡುವಾಗ ಎಳೆದರೆ ವಿದ್ಯಾರ್ಥಿ ಕಲಿಯುವುದು ತಪ್ಪು ಪಾಠ. ಎರಡು ಕೈಗೆ ಎರಡು ಕೆಲಸ ಹೊಂದಿಸಿಕೊಳ್ಳಲು ನನಗೆ ಒಂದು ಮಧ್ಯಾಹ್ನವೇ ಬೇಕಾಯಿತು.

ವಿಡಿಯೋ ನೋಡಿ ಎಣಿಸುವವರು ವಾರ್ಡಿನಲ್ಲಿ ಏಕೆ ತಪ್ಪುತ್ತಾರೆಂದರೆ, ವಿಡಿಯೋದ ಮಗು ಅಂಗಿ ಹಾಕಿಕೊಂಡಿರುವುದಿಲ್ಲ, ಅಳುವುದಿಲ್ಲ, ನಡುವೆ ನಿಲ್ಲಿಸುವುದಿಲ್ಲ. ನಿಮ್ಮ ಕೂಸಿಗೆ ಅಂಗಿ ತೊಡಿಸಿ, ಮೇಲೆ ಟವೆಲ್ ಹೊದೆಸಿ. ಅಂಗಿ ಎತ್ತದೆ ಎಣಿಸಲು ಕುಳಿತವರಿಗೆ ಏನೂ ಕಾಣದಿರಲಿ. ಮೂವತ್ತು ಸೆಕೆಂಡು ವೇಗವಾಗಿ, ಮೂವತ್ತು ಸೆಕೆಂಡು ನಿಧಾನವಾಗಿ ಉಸಿರಾಡಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಚಾಳಿ ಅಲ್ಲಿಗೆ ಬಯಲಾಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ವೇಗದ ಉಸಿರಾಟ. ಎಳೆಗೂಸಿನಲ್ಲಿ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಬೇಕು. ಆದ್ದರಿಂದ ಗೊಂಬೆಯ ಕೊರಳಿಗೆ ವಯಸ್ಸಿನ ಚೀಟಿ ಕಟ್ಟಿ, ಚೀಟಿಯನ್ನು ಮಾತ್ರ ಬದಲಿಸಿ 54ರ ವೇಗದಲ್ಲೇ ಮೂರು ಸಲ ಎಣಿಸಲು ಹೇಳಿ. ಒಂದೇ ಎಣಿಕೆ ಒಂದು ಕೂಸಿಗೆ ಸಹಜ, ಇನ್ನೊಂದಕ್ಕೆ ಕಾಯಿಲೆ.

ಪ್ರಶ್ನೆ: ಮೂಗಿನ ಮೂಲಕ ಹಾಲುಣಿಸುವ ಟ್ಯೂಬಿಗೆ ಮಾದರಿ?
(ಓದುಗರೊಬ್ಬರು, ಸಿಂದಗಿ)

ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ಕೂಸಿನ ಮೂಗಿನಿಂದ ಗಂಟಲಿಗೆ ಇಳಿಸಿ, ಅಲ್ಲಿಂದ ಅಕ್ವೇರಿಯಂ ಅಂಗಡಿಯ ಕವಲು ಜೋಡಣೆಯಿಂದ ಎರಡಾಗಿ ಒಡೆಯಿರಿ. ಒಂದು ಕವಲಿನ ಕೊನೆಗೆ ನಿಂಬೆರಸ ಬೆರೆಸಿದ ನೀರಿರುವ ಬಲೂನು, ಅದು ಹೊಟ್ಟೆ. ಇನ್ನೊಂದರ ಕೊನೆಗೆ ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನ ಬಲೂನು, ಅದು ಶ್ವಾಸಕೋಶ. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಒಂದು ಕವಲನ್ನು ನೀವು ಗುಟ್ಟಾಗಿ ಮುಚ್ಚಿಡಿ. ವಿದ್ಯಾರ್ಥಿ ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ತುದಿ ಮತ್ತು ಹೊಕ್ಕುಳಿನ ನಡುಬಿಂದುವಿಗೆ ಅಳೆದು, ಟ್ಯೂಬ್ ಇಳಿಸಿ, ಸಿರಿಂಜಿನಲ್ಲಿ ಎಳೆದ ದ್ರವವನ್ನು, ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿಗೆ ಮುಟ್ಟಿಸಬೇಕು. 5.5 ಅಥವಾ ಕಡಿಮೆ ಬಂದರೆ ಮಾತ್ರ ಹಾಲು. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಗುಳುಗುಳು ಕೇಳುವ ಹಳೆಯ ಪದ್ಧತಿಯೊಂದನ್ನೇ ನಂಬಬಾರದು ಎಂಬುದನ್ನೂ ಇದೇ ಗೊಂಬೆಯ ಮೇಲೆ ತೋರಿಸಬಹುದು. ಎರಡೂ ಬಲೂನುಗಳು ಗುಳುಗುಡುತ್ತವೆ.

ಪ್ರಶ್ನೆ: ಉಸಿರಾಡದ ಕೂಸಿಗೆ ಬ್ಯಾಗ್-ಮಾಸ್ಕ್ (ಮುಖಕ್ಕೆ ಮಾಸ್ಕಿಟ್ಟು ಚೀಲ ಒತ್ತಿ ಗಾಳಿ ಕೊಡುವ ಸಾಧನ) ಒತ್ತುವುದನ್ನೂ ಮನೆಯ ಗೊಂಬೆಯಲ್ಲೇ ಕಲಿಸಬಹುದೇ?
(ಶುಶ್ರೂಷಾಧಿಕಾರಿ, ಚಿಂತಾಮಣಿ)

ಇದೊಂದನ್ನು ಬೇಡವೆನ್ನುತ್ತೇನೆ. ಮಾಸ್ಕು ಮುಖಕ್ಕೆ ಗಾಳಿ ಸೋರದಂತೆ ಕೂರಬೇಕು, ತಲೆ ಸರಿಯಾದ ಭಂಗಿಯಲ್ಲಿದ್ದರೆ ಮಾತ್ರ ಎದೆ ಏರಬೇಕು, ಇಲ್ಲದಿದ್ದರೆ ಏರಕೂಡದು. ಬಟ್ಟೆಯ ಮುಖದಲ್ಲಿ ಎಲ್ಲೆಡೆ ಸೋರುತ್ತದೆ. ಬಲೂನು ಅಡಗಿಸಿದ ಎದೆ ಹೇಗೆ ಒತ್ತಿದರೂ ಏರಿಬಿಡುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಆರಂಭಿಸಿದ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಯಲ್ಲಿ ಬಳಸುವ, ನೀರು ತುಂಬಿದರೆ ಕೂಸಿನ ತೂಕ ಬರುವ ಸರಳ ಮ್ಯಾನಿಕಿನ್ ಇದಕ್ಕೆಂದೇ ರೂಪುಗೊಂಡದ್ದು. ಉಳಿದೆಲ್ಲವನ್ನೂ ಮನೆಯಲ್ಲಿ ಮಾಡಿ ಉಳಿಸಿದ ಹಣದಲ್ಲಿ ಅಂಥದ್ದೊಂದನ್ನು ಕೊಳ್ಳಿ. ಹುಟ್ಟಿದ ಮೊದಲ ನಿಮಿಷದೊಳಗೆ ಶುರುವಾಗಬೇಕಾದ, ನಿಮಿಷಕ್ಕೆ 40ರಿಂದ 60 ಸಲದ ಆ ಲಯವನ್ನು ಅದರ ಮೇಲೆಯೇ ಕಲಿಯಲಿ.

ಉಸಿರಿನ ಜೊತೆಗೆ ಎದೆಯನ್ನೂ ಒತ್ತಬೇಕಾಗಿ ಬಂದಾಗಿನ ಲಯಕ್ಕೆ ಮಾತ್ರ ಒಂದು ಉಪಾಯವಿದೆ. ಜಾತ್ರೆಯಲ್ಲಿ ಸಿಗುವ, ಒತ್ತಿದರೆ ಟಿಕ್ಕೆನ್ನುವ ತಗಡಿನ ಕಪ್ಪೆಯನ್ನು ಗಟ್ಟಿ ಸ್ಪಂಜಿನ ಕೆಳಗಿಟ್ಟು, ಎದೆಯ ದಪ್ಪದ ಮೂರನೇ ಒಂದರಷ್ಟು ಒತ್ತಿದಾಗಲೇ ಸದ್ದು ಬರುವಂತೆ ಹೊಂದಿಸಿ. ಮೂರು ಟಿಕ್, ಒಂದು ಉಸಿರು. ನಿಮಿಷಕ್ಕೆ 90 ಒತ್ತು, 30 ಉಸಿರು.

ಪ್ರಶ್ನೆ: ನಾನು ನಿವೃತ್ತ ಹೆಡ್ ನರ್ಸ್. ನಾವೆಲ್ಲ ಹಾಸಿಗೆಯ ಪಕ್ಕದಲ್ಲೇ ಕಲಿತವರು. ಈ ಗೊಂಬೆಯಾಟದಿಂದ ನರ್ಸುಗಳು ತಯಾರಾಗುತ್ತಾರೆಯೇ?
(ಓದುಗರೊಬ್ಬರು, ಮೈಸೂರು)

ನಾನೂ ಹಾಗೆಯೇ ಕಲಿತವಳು, ಮೇಡಂ; ನನ್ನ ಮೊದಲ ಕ್ಯಾನುಲಾ ಯಾವ ಮಗುವಿನ ಕೈಯಲ್ಲಿ ಐದು ಸಲ ತಪ್ಪಿತೋ, ಅದರ ಅಳು ಇನ್ನೂ ಕಿವಿಯಲ್ಲಿದೆ. ಗೊಂಬೆಯ ಮೇಲೆ ಕಲಿಯುವುದು ಇಂದಿನ ಖಯಾಲಿಯೂ ಅಲ್ಲ. ಫ್ರಾನ್ಸಿನ ಸೂಲಗಿತ್ತಿ ಆಂಜೆಲಿಕ್ ದು ಕುದ್ರೆ ಎಂಬಾಕೆ 1759ರಲ್ಲಿ ದೊರೆ ಹದಿನೈದನೆಯ ಲೂಯಿಯ ನಿರೂಪ ಪಡೆದು, ತಾನೇ ರೂಪಿಸಿದ ಬಟ್ಟೆಯ ಬಸುರಿ ಮತ್ತು ಬಟ್ಟೆಯ ಕೂಸಿನೊಂದಿಗೆ ಊರೂರು ಸುತ್ತಿ ಹಳ್ಳಿಯ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಅಂಥದ್ದೊಂದು ಮಾದರಿ ರೂಆನ್ ನಗರದ ಸಂಗ್ರಹಾಲಯದಲ್ಲಿ ಈಗಲೂ ಇದೆ. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಆಳೆತ್ತರದ ರೋಗಿಯ ಗೊಂಬೆಯನ್ನು ಮಾಡಿಕೊಟ್ಟ ಮಾರ್ಥಾ ಚೇಸ್ ಮಕ್ಕಳ ಗೊಂಬೆ ತಯಾರಿಸುತ್ತಿದ್ದವರು. 1960ರಲ್ಲಿ ಉಸಿರು ಕೊಡುವುದನ್ನು ಕಲಿಸುವ ಮ್ಯಾನಿಕಿನ್ ತಂದ ನಾರ್ವೆಯ ಆಸ್ಮುಂಡ್ ಲೇರ್ಡಾಲ್ ಕೂಡ ಆಟಿಕೆ ತಯಾರಕರೇ.

ನಿಮ್ಮ ಆಕ್ಷೇಪದಲ್ಲಿ ನಿಜವಿರುವುದು ಇಲ್ಲಿ: ಗೊಂಬೆ ಒದೆಯುವುದಿಲ್ಲ, ಗೊಂಬೆಗೆ ಅಮ್ಮನಿಲ್ಲ. ಅದಕ್ಕೆಂದೇ ನಾವು ಒಬ್ಬ ವಿದ್ಯಾರ್ಥಿನಿಯನ್ನು ಅಮ್ಮನಾಗಿ ಕೂರಿಸುತ್ತೇವೆ. ಎರಡನೆಯ ಚುಚ್ಚಿಗೆ ಆಕೆ “ಏನ್ ಸಿಸ್ಟರ್, ಎಷ್ಟ್ ಸಲ ಚುಚ್ತೀರಿ, ದೊಡ್ಡೋರನ್ನ ಕರೀರಿ” ಎಂದು ಕೂಗುವುದು ಪಾಠದ ಭಾಗ. ಕೈ ನಡುಗುವುದು ಆಗಲೇ. ನಿಮ್ಮಂಥವರು ತಿಂಗಳಿಗೊಮ್ಮೆ ಬಂದು ಆ ಅಮ್ಮನ ಪಾತ್ರ ವಹಿಸಿದರೆ, ನಿಜವಾದ ಅಮ್ಮಂದಿರು ಏನೇನು ಕೇಳುತ್ತಾರೆಂಬುದು ನಮ್ಮ ಹುಡುಗಿಯರಿಗೆ ಮೊದಲೇ ತಿಳಿದೀತು.

ಪ್ರಶ್ನೆ: ವಾರ್ಡಿನಲ್ಲಿ ಅವಧಿ ಮುಗಿದ ಸಿರಿಂಜ್, ಸಲೈನ್, ಔಷಧಿಗಳನ್ನು ಅಭ್ಯಾಸಕ್ಕೆ ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
(ಬೋಧಕರು, ಹೊಸಪೇಟೆ)

ಒಡೆಯದ ಪೊಟ್ಟಣದ ಸಿರಿಂಜ್, ಟ್ಯೂಬ್, ಖಾಲಿ ಬಾಟಲಿಗಳನ್ನು ಆಸ್ಪತ್ರೆಯ ಲಿಖಿತ ಒಪ್ಪಿಗೆಯೊಂದಿಗೆ ತೆಗೆದುಕೊಳ್ಳಿ. ಒಮ್ಮೆ ರೋಗಿಗೆ ಬಳಸಿದ್ದನ್ನು ತೊಳೆದುಕೊಟ್ಟರೂ ಬೇಡ. ಔಷಧಿಯನ್ನಂತೂ ತರಲೇಬೇಡಿ, ನೀರು ಸಾಕು. ತಂದ ಪ್ರತಿಯೊಂದರ ಮೇಲೂ ಅಳಿಸದ ಶಾಯಿಯಲ್ಲಿ ‘ಅಭ್ಯಾಸಕ್ಕೆ ಮಾತ್ರ’ ಎಂದು ದೊಡ್ಡದಾಗಿ ಬರೆದು, ಬೇರೆ ಕೋಣೆಯಲ್ಲಿ ಬೀಗ ಹಾಕಿಡಿ. ಇದು ಅತಿ ಎಚ್ಚರಿಕೆ ಎನ್ನಿಸಬಹುದು. ಆದರೆ 2014ರ ಕೊನೆಯಲ್ಲಿ ಅಮೆರಿಕದಲ್ಲಿ ತರಬೇತಿಗೆಂದು ತಯಾರಾಗಿದ್ದ, ಶುದ್ಧೀಕರಿಸದ ಸಲೈನ್ ಚೀಲಗಳು ದವಾಖಾನೆಗಳ ಕಪಾಟು ಸೇರಿ, 40ಕ್ಕೂ ಹೆಚ್ಚು ರೋಗಿಗಳಿಗೆ ಏರಿ, ಹಲವರು ಜ್ವರ ನಡುಕಗಳಿಂದ ಆಸ್ಪತ್ರೆ ಸೇರಬೇಕಾಯಿತು. ಅವು ನೋಡಲು ನಿಜವಾದ ಸಲೈನಿನಂತೆಯೇ ಇದ್ದವು.

ಬಟ್ಟೆಯ ಗೊಂಬೆಯೊಳಗೆ ಮುರಿದ ಸೂಜಿ ಉಳಿದರೆ ಮುಂದಿನ ತರಗತಿಯ ಹುಡುಗಿಯ ಬೆರಳಿಗೆ ಚುಚ್ಚುತ್ತದೆ. ತರಗತಿಗೆ ಎಷ್ಟು ಸೂಜಿ ಕೊಟ್ಟಿರೆಂದು ಹಲಗೆಯ ಮೇಲೆ ಬರೆದಿಡಿ. ಅಷ್ಟೂ ಬಳಸಿದ ಸೂಜಿ ಹಾಕುವ ಬಿಳಿ ಡಬ್ಬಕ್ಕೆ ಬಿದ್ದವೆಂದು ಎಣಿಸಿದ ಮೇಲಷ್ಟೇ ಗೊಂಬೆಗಳನ್ನು ಪೆಟ್ಟಿಗೆಗೆ ಹಾಕಿ.